ಕಡಲು, ಕಾಂಡ್ಲಾ, ಕೆಸರು ಮತ್ತು ಕಾರ್ಬನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಘನಾಶಿನಿ ದಡದ ಊರುಗಳಲ್ಲಿ, ಶಾಲೆಗಳಲ್ಲಿ, ಮೀನು ಹಿಡಿಯುವವರ ಜೊತೆ ಕೂತು ಮಾತಾಡುವಾಗ ಜನ ಕೇಳಿದ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲು ಕೇಳುವವು

ಹೊಗೆ ಮೇಲೆ ಹೋಗುತ್ತದೆ, ಸಮುದ್ರ ಕೆಳಗಿದೆ. ಎರಡಕ್ಕೂ ಏನು ಸಂಬಂಧ?

ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಎಲ್ಲ ಕಡೆ ಬೆರೆಯುತ್ತದೆ. ಆ ಗಾಳಿ ಸದಾ ಸಮುದ್ರದ ಮೈಗೆ ತಾಗಿಕೊಂಡೇ ಇರುತ್ತದೆ. ಅಲೆ ಎದ್ದು ಬೀಳುವಾಗ ಸ್ವಲ್ಪ ಅನಿಲ ನೀರಿಗಿಳಿಯುತ್ತದೆ, ಸ್ವಲ್ಪ ಹೊರಗೆ ಬರುತ್ತದೆ. ಗಾಳಿಯಲ್ಲಿ ಅದು ಜಾಸ್ತಿಯಾದಷ್ಟೂ ನೀರಿಗಿಳಿಯುವ ಪಾಲು ಹೆಚ್ಚುತ್ತದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು, ಕಾಡು ಕಡಿದು ನಾವು ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ವರ್ಷ ವರ್ಷವೂ ಸಮುದ್ರ ಹೀರಿಕೊಳ್ಳುತ್ತಿದೆ. ಅದರೊಳಗೆ ಈಗ ಸುಮಾರು 38,000 ಶತಕೋಟಿ ಟನ್ ಕಾರ್ಬನ್ ಇದೆ. ಗಾಳಿಯಲ್ಲಿರುವುದರ 40 ಪಟ್ಟಿಗೂ ಜಾಸ್ತಿ.

ತಣ್ಣನೆಯ ನೀರು ಹೆಚ್ಚು ಅನಿಲ ಹಿಡಿಯುತ್ತದೆ. ಬಿಸಿಲಲ್ಲಿಟ್ಟ ಗೋಲಿ ಸೋಡಾ ಬೇಗ ಸಪ್ಪೆಯಾಗುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಸಮುದ್ರ ಬಿಸಿಯಾದಷ್ಟೂ ಅದು ಹೀರುವ ಶಕ್ತಿ ಕುಗ್ಗುತ್ತದೆ.

'ನೀಲಿ ಕಾರ್ಬನ್' ಅಂತಾರೆ. ಕಾರ್ಬನ್ ಕಪ್ಪಲ್ವಾ?

ಹೆಸರಷ್ಟೇ ನೀಲಿ. ಕಡಲು ಮತ್ತು ಕರಾವಳಿಯ ಜೀವಿಗಳು ಹಿಡಿದಿಟ್ಟುಕೊಳ್ಳುವ ಕಾರ್ಬನ್ನಿಗೆ ಹೀಗೆ ಕರೆಯುತ್ತಾರೆ. 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೊಂದರಿಂದ ಈ ಹೆಸರು ಬಳಕೆಗೆ ಬಂತು. ಮುಖ್ಯವಾಗಿ ಮೂರು ಜಾಗಗಳನ್ನು ಇದರಲ್ಲಿ ಸೇರಿಸುತ್ತಾರೆ: ಕಾಂಡ್ಲಾ ಕಾಡು (ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್, ಉಬ್ಬರದ ಉಪ್ಪು ನೀರಲ್ಲಿ ಬೆಳೆಯುವ ಗಿಡಮರ), ಕಡಲ ಹುಲ್ಲಿನ ಬಯಲು, ಉಪ್ಪು ಜವುಗು. ಈ ಮೂರೂ ಸೇರಿದರೂ ಕಡಲ ತಳದಲ್ಲಿ ಶೇ 0.5ರಷ್ಟೂ ಆಗುವುದಿಲ್ಲ. ಆದರೂ ಕಡಲ ಹೂಳಿನಲ್ಲಿ ಪ್ರತಿ ವರ್ಷ ಹೂತುಹೋಗುವ ಕಾರ್ಬನ್ನಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಇಲ್ಲೇ ಸೇರುತ್ತದೆ ಎಂಬ ಅಂದಾಜಿದೆ.

ಕಾಂಡ್ಲಾ ನಮ್ಮಷ್ಟೆತ್ತರದ ಗಿಡ. ಘಟ್ಟದ ಮೇಲಿನ ಕಾಡಿಗಿಂತ ಅದರಲ್ಲಿ ಜಾಸ್ತಿ ಕಾರ್ಬನ್ ಇದೆ ಅಂದರೆ ನಂಬೋದು ಹೇಗೆ?

ಗಿಡ ನೋಡಿದರೆ ನಂಬಲು ಆಗುವುದಿಲ್ಲ. ಕೆಳಗೆ ನೋಡಬೇಕು.

ನೀರು ಇಳಿದ ಹೊತ್ತಲ್ಲಿ ಕಾಂಡ್ಲಾ ಬುಡಕ್ಕೆ ಹೋಗಿ ಒಂದು ಬಿದಿರಿನ ಗಳ ಊರಿ ನೋಡಿ. ಸುಮ್ನೆ ಮೈಭಾರ ಹಾಕಿದರೆ ಸಾಕು, ಇಳಿಯುತ್ತಲೇ ಹೋಗುತ್ತದೆ. ಎಳೆದು ತೆಗೆದಾಗ ಮೇಲಿನ ಎರಡು ಬೆರಳಿನಷ್ಟು ಕೆಸರು ಕಂದು ಬಣ್ಣ, ಅದರ ಕೆಳಗೆಲ್ಲ ಮಸಿಯಂಥ ಕಪ್ಪು. ಬೆರಳಲ್ಲಿ ತಿಕ್ಕಿದರೆ ನಾರಿನ ಎಳೆ ಸಿಗುತ್ತದೆ. ಅವು ಹಳೆಯ ಬೇರುಗಳು. ಯಾವ ಕಾಲದಲ್ಲಿ ಸತ್ತವೋ, ಇನ್ನೂ ಪೂರ್ತಿ ಕೊಳೆತಿಲ್ಲ.

ಘಟ್ಟದ ಕಾಡಿನಲ್ಲಿ ಉದುರಿದ ಎಲೆ ಒಂದೆರಡು ವರ್ಷದಲ್ಲಿ ಕೊಳೆತು, ಅದರ ಕಾರ್ಬನ್ನಿನ ಬಹುಪಾಲು ಮತ್ತೆ ಗಾಳಿಗೆ ಸೇರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಆಮ್ಲಜನಕ ಧಾರಾಳ. ಕಾಂಡ್ಲಾ ಕೆಸರು ದಿನಕ್ಕೆರಡು ಸಲ ನೀರಲ್ಲಿ ಮುಳುಗುತ್ತದೆ. ಒಳಕ್ಕೆ ಆಮ್ಲಜನಕ ಹೋಗುವುದೇ ಇಲ್ಲ. ಹಾಗಾಗಿ ಕೊಳೆಯುವ ಕೆಲಸ ಬಲು ನಿಧಾನ. ಜೊತೆಗೆ ಬೇರುಗಳು ಜಾಳಿಗೆಯ ಹಾಗೆ ಹರಡಿ ಹೊಳೆ ತಂದ ಹೂಳನ್ನೂ ಕಸಕಡ್ಡಿಯನ್ನೂ ತಡೆದು ಕೂರಿಸುತ್ತವೆ. ಪದರದ ಮೇಲೆ ಪದರ, ನೂರಾರು ವರ್ಷ. 2011ರಲ್ಲಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ತೀರಗಳ ಕಾಂಡ್ಲಾ ಕಾಡುಗಳನ್ನು ಅಳೆದ ವಿಜ್ಞಾನಿಗಳಿಗೆ ಹೆಕ್ಟೇರಿಗೆ ಸರಾಸರಿ 1,023 ಟನ್ ಕಾರ್ಬನ್ ಸಿಕ್ಕಿತು. ಅದರಲ್ಲಿ ಬಹುಪಾಲು ಇದ್ದದ್ದು ಮಣ್ಣಿನಲ್ಲಿ. ಮರ ಬರೀ ಮುಚ್ಚಳ, ಪೆಟ್ಟಿಗೆ ಇರುವುದು ಕೆಳಗೆ.

ಅಷ್ಟು ನಾತ ಬರುವ ಕೆಸರು ಹಾಳಾದದ್ದು ಅಲ್ವಾ?

ಕೊಳೆತ ಮೊಟ್ಟೆಯ ವಾಸನೆ ತಾನೇ? ಅದು ಹೈಡ್ರೋಜನ್ ಸಲ್ಫೈಡ್. ಆಮ್ಲಜನಕ ಸಿಗದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಕಡಲ ನೀರಿನ ಸಲ್ಫೇಟ್ ಬಳಸಿ ಬದುಕುತ್ತವೆ. ಅವು ಬಿಡುವ ಅನಿಲ ಇದು. ಆ ನಾತ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ, ಕಾರ್ಬನ್ ಭದ್ರವಾಗಿದೆ ಎಂದು ತಿಳಿಯಿರಿ. ಚರಂಡಿ ನೀರು ಸೇರಿದ ನಾತ ಬೇರೆ. ದಡದಲ್ಲಿ ಬೆಳೆದವರ ಮೂಗಿಗೆ ಅದರ ವ್ಯತ್ಯಾಸ ತಿಳಿಯುತ್ತದೆ.

ಕರ್ನಾಟಕದಲ್ಲಿ ಕಾಂಡ್ಲಾ ಎಲ್ಲಿದೆ, ಎಷ್ಟಿದೆ?

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲಿ, ಕುಂದಾಪುರ ಸುತ್ತಿನ ಹಿನ್ನೀರಿನಲ್ಲಿ, ದಕ್ಷಿಣಕ್ಕೆ ಮಂಗಳೂರಿನ ತನಕ ಚೂರು ಚೂರಾಗಿ ಇದೆ. 2021ರ ಅರಣ್ಯ ಸಮೀಕ್ಷೆ ಪ್ರಕಾರ ರಾಜ್ಯದ ಒಟ್ಟು ಕಾಂಡ್ಲಾ 13 ಚದರ ಕಿಲೋಮೀಟರ್. ದೇಶದ್ದು 4,992. ಪಶ್ಚಿಮ ಬಂಗಾಳ ಒಂದರಲ್ಲೇ 2,114 ಇದೆ, ಸುಂದರಬನದಿಂದಾಗಿ. ನಮ್ಮ ಪಾಲು ಸಣ್ಣದು. ಆದರೆ 2019ರ ಸಮೀಕ್ಷೆಯಲ್ಲಿ 10 ಇದ್ದದ್ದು 13 ಆಗಿದೆ ಎನ್ನುವುದು ಸಂತೋಷದ ವಿಷಯ.

ಕಣ್ಣಾರೆ ನೋಡಬೇಕೆಂದರೆ ಹೊನ್ನಾವರದ ಕಾಸರಕೋಡಿಗೆ ಹೋಗಿ. ಶರಾವತಿ ದಡದಲ್ಲಿ ಕಾಂಡ್ಲಾ ನಡುವೆಯೇ ಹಲಗೆಯ ದಾರಿ ಮಾಡಿದ್ದಾರೆ. ನೀರು ಇಳಿದಾಗ ಹೋದರೆ ಬೇರು ಚೆನ್ನಾಗಿ ಕಾಣುತ್ತದೆ.

ಕಡಲ ಹುಲ್ಲು ಅಂದರೆ ಪಾಚಿಯಾ?

ಅಲ್ಲ. ಅದು ನೆಲದ ಹುಲ್ಲಿನ ಹಾಗೆ ಬೇರು, ಹೂ, ಬೀಜ ಇರುವ ಗಿಡ. ಬದುಕು ಮಾತ್ರ ಪೂರ್ತಿ ನೀರೊಳಗೆ. ತಿಳಿನೀರು ಬೇಕು, ಬಿಸಿಲು ತಳದ ತನಕ ಹೋಗಬೇಕು. ಹಾಗಾಗಿ ನಮ್ಮ ದೇಶದಲ್ಲಿ ದೊಡ್ಡ ಬಯಲುಗಳಿರುವುದು ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಕಡೆ. ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ತಮಿಳುನಾಡು ಸರ್ಕಾರ 448 ಚದರ ಕಿಲೋಮೀಟರನ್ನು ಕಡಲ ಹಸುವಿಗೆಂದು (ಡುಗಾಂಗ್ ಎಂಬ ಕಡಲ ಸಸ್ತನಿ) ಮೀಸಲಿಟ್ಟಿತು. ಕಡಲ ಹಸುವಿನ ಮೇವು ಈ ಹುಲ್ಲೇ. ಹಸು ಉಳಿಸಲು ಹುಲ್ಲು ಉಳಿಸಬೇಕು, ಹುಲ್ಲು ಉಳಿದರೆ ಅದರ ಕೆಳಗಿನ ಕಾರ್ಬನ್ನೂ ಉಳಿಯುತ್ತದೆ.

ಲಕ್ಷದ್ವೀಪದ ಕಥೆ ಸ್ವಲ್ಪ ಬೇರೆ. ಅಲ್ಲಿನ ಕೆಲವು ಲಗೂನುಗಳಲ್ಲಿ ಹಸಿರು ಆಮೆಗಳು ಎಷ್ಟು ಸೇರಿದವೆಂದರೆ ಹುಲ್ಲುಬಯಲನ್ನೇ ಮೇದು ಬರಿದು ಮಾಡಿದವು. ಆಮೆಯನ್ನು ಉಳಿಸಿದ್ದು ಒಳ್ಳೆಯದೇ. ಆದರೆ ಆಮೆಯನ್ನು ಹಿಡಿದು ತಿನ್ನುವ ದೊಡ್ಡ ಶಾರ್ಕುಗಳು ಕಮ್ಮಿಯಾಗಿವೆ. ಸರಪಳಿಯ ಒಂದು ಕೊಂಡಿ ಸಡಿಲವಾದರೆ ಇನ್ನೊಂದು ಕಡೆ ಎಳೆಯುತ್ತದೆ.

## ಸ್ವಲ್ಪ ಕೆಸರಿಗಿಳಿದು

ಕಾಂಡ್ಲಾ ಕಡಿದರೆ ಏನಾಯ್ತು? ಮತ್ತೆ ನೆಟ್ಟರಾಯ್ತಲ್ಲ?

ಈ ಪ್ರಶ್ನೆಗೆ ನಾನು ಎಷ್ಟು ಸಲ ಬೇಕಾದರೂ ಉತ್ತರ ಹೇಳುತ್ತೇನೆ, ಯಾಕೆಂದರೆ ತಪ್ಪು ಇಲ್ಲೇ ಆಗುವುದು.

ಕಡಿದು, ಅಗೆದು, ಒಡ್ಡು ಹಾಕಿ ನೀರು ಬಸಿದರೆ ಆ ಕಪ್ಪು ಕೆಸರಿಗೆ ಮೊದಲ ಬಾರಿ ಗಾಳಿ ತಾಗುತ್ತದೆ. ನೂರಾರು ವರ್ಷ ಅರೆನಿದ್ದೆಯಲ್ಲಿದ್ದ ಕೊಳೆಯುವ ಕೆಲಸ ಚುರುಕಾಗುತ್ತದೆ. ಶತಮಾನಗಳಲ್ಲಿ ಸೇರಿದ್ದು ಕೆಲವೇ ದಶಕಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಪಕ್ಕದಲ್ಲಿ ಹೊಸ ಸಸಿ ನೆಟ್ಟರೆ ಅದು ಮರವಾಗಲು ಹದಿನೈದು ಇಪ್ಪತ್ತು ವರ್ಷ. ಅದರ ಬುಡದ ಮಣ್ಣು ಹಳೆಯ ಮಣ್ಣಿನ ಮಟ್ಟಕ್ಕೆ ಬರಲು ನಮ್ಮ ಮೊಮ್ಮಕ್ಕಳ ಕಾಲವೂ ಸಾಲದು. ಒಂದು ಕಡಿದರೆ ಮೂರು ನೆಡುತ್ತೇವೆ ಎನ್ನುವ ಲೆಕ್ಕ ಮರಕ್ಕೆ ಸರಿ, ಮಣ್ಣಿಗೆ ಸರಿಹೋಗುವುದಿಲ್ಲ.

ಗಜನಿ ಗದ್ದೆಯೂ ಉಪ್ಪು ನೀರಿನದ್ದೇ. ಅದೂ ಕಾರ್ಬನ್ ಹಿಡಿಯುತ್ತದಾ? ಸಿಗಡಿ ಹೊಂಡ?

ಕುಮಟಾ ಕಡೆಯವರಲ್ಲದವರಿಗೆ ಒಂದು ಮಾತು: ಗಜನಿ ಅಂದರೆ ಹೊಳೆಯ ಉಬ್ಬರದ ನೀರು ಹೋಗಿಬರುವ ತಗ್ಗು ಗದ್ದೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಕಗ್ಗ ಭತ್ತ ಹಾಕುತ್ತಾರೆ. ಕಗ್ಗ ಉಪ್ಪು ತಾಳುತ್ತದೆ, ನೀರಲ್ಲಿ ಮುಳುಗಿದರೂ ಬದುಕುತ್ತದೆ. ಕೊಯ್ಲಾದ ಮೇಲೆ ಜಂತ್ರಡಿಯ (ಒಡ್ಡಿನ ತೂಬು) ಬಾಗಿಲು ತೆಗೆದು ಉಪ್ಪು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಗದ್ದೆಯ ಕೂಳೆ ಅವಕ್ಕೆ ಮೇವು.

ಗಜನಿ ಕಾಂಡ್ಲಾದಷ್ಟು ಕಾರ್ಬನ್ ಹಿಡಿಯುವುದಿಲ್ಲ. ಆದರೆ ಅದು ವರ್ಷದ ಬಹುಕಾಲ ಒದ್ದೆಯಾಗಿಯೇ ಇರುತ್ತದೆ, ಆಳಕ್ಕೆ ಅಗೆಯುವುದಿಲ್ಲ. ಕೆಳಗಿನ ಹಳೆಯ ಕೆಸರು ಹಾಗೇ ಇರುತ್ತದೆ. ಬರೀ ಸಿಗಡಿಗೆಂದು ಆಳಕ್ಕೆ ತೋಡಿ, ಪ್ರತಿ ಬೆಳೆಯ ನಂತರ ಒಣಗಿಸಿ, ತಳ ಕೆರೆದು ಹಾಕುವ ಹೊಂಡದಲ್ಲಿ ಉಲ್ಟಾ. ಅಲ್ಲಿ ಕೆಸರು ಪದೇ ಪದೇ ಗಾಳಿಗೆ ಬೀಳುತ್ತದೆ. 1990ರ ದಶಕದಲ್ಲಿ ತುಂಬ ಗಜನಿಗಳು ಸಿಗಡಿಗೆ ಹೋದವು, ರೋಗ ಬಂದು ಸಿಗಡಿಯೂ ಕೈಕೊಟ್ಟಿತು. ಮುಂದೆ ಪಾಳು ಬಿದ್ದ ಕೆಲವು ಕಡೆ ಒಡ್ಡು ಒಡೆದು ಕಾಂಡ್ಲಾ ತಾನಾಗಿ ಹುಟ್ಟಿದೆ. ಕಗ್ಗ ಬೆಳೆಯುವವರು ಮತ್ತು ಕಾಂಡ್ಲಾ ಬೇಕೆನ್ನುವವರು ಜಗಳ ಆಡಬೇಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಡ್ಡಿನ ಹೊರಗೆ ಕಾಂಡ್ಲಾ ಸಾಲು ಇದ್ದರೆ ಒಡ್ಡು ಕೊಚ್ಚಿಹೋಗುವುದು ಕಮ್ಮಿ.

ನಾವು ಸಂಘದಿಂದ ಸಾವಿರ ಸಸಿ ನೆಟ್ಟೆವು, ಎರಡು ವರ್ಷದಲ್ಲಿ ಒಂದೂ ಉಳಿಯಲಿಲ್ಲ. ಏನು ತಪ್ಪಾಯ್ತು?

ಬೇಜಾರಾಗಬೇಡಿ, ದೊಡ್ಡ ದೊಡ್ಡ ಯೋಜನೆಗಳಿಗೂ ಹೀಗೇ ಆಗಿದೆ. 2004ರ ಸುನಾಮಿ ನಂತರ ಶ್ರೀಲಂಕಾದಲ್ಲಿ 1,000ದಿಂದ 1,200 ಹೆಕ್ಟೇರಿನಲ್ಲಿ ನೆಟ್ಟರು. ಮುಂದೆ ಹೋಗಿ ನೋಡಿದಾಗ ಚೆನ್ನಾಗಿ ಬೆಳೆದಿದ್ದದ್ದು ಸುಮಾರು ಐದನೇ ಒಂದು ಪಾಲಿನಲ್ಲಿ ಮಾತ್ರ.

ಸಾಮಾನ್ಯವಾಗಿ ತಪ್ಪುವುದು ಜಾಗ. ನೀರಿನ ಅಂಚಿನ ಬಯಲು ಕೆಸರು ಖಾಲಿ ಕಾಣುತ್ತದೆ, ಅಲ್ಲಿ ನೆಟ್ಟುಬಿಡುತ್ತೇವೆ. ಆದರೆ ಅದು ಖಾಲಿ ಇರುವುದಕ್ಕೆ ಕಾರಣ ಇದೆ. ಅಲ್ಲಿ ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ, ಸಸಿ ಉಸಿರುಕಟ್ಟಿ ಸಾಯುತ್ತದೆ. ಚಿಪ್ಪಿಕಲ್ಲು ಹೆಕ್ಕುವ ಹೆಂಗಸರ ಜಾಗವೂ ಅದೇ ಆಗಿರಬಹುದು. ಇನ್ನೊಂದು ತಪ್ಪು ಜಾತಿಯದು. ಉದ್ದ ಕೋಡಿನ ಕಾಂಡ್ಲಾ ನೆಡುವುದು ಸುಲಭ, ಕೆಸರಿಗೆ ಚುಚ್ಚಿದರೆ ಸಾಕು. ಹಾಗಾಗಿ ಎಲ್ಲ ಕಡೆ ಅದನ್ನೇ ಚುಚ್ಚುತ್ತಾರೆ. ಪೆನ್ಸಿಲಿನಂಥ ಉಸಿರುಬೇರು ಬಿಡುವ ಉಪ್ಪಟ್ಟಿ ಎಂಬ ಇನ್ನೊಂದು ಕಾಂಡ್ಲಾ ಜಾತಿಗೆ ಸರಿಯಾದ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ಮುಂದಿನ ಸಲ ಮೊದಲು ಒಂದು ವರ್ಷ ಸುಮ್ನೆ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ತಾನಾಗಿ ಹುಟ್ಟಿದ ಸಸಿ ಎಲ್ಲಿದೆ? ಹಳೇ ಒಡ್ಡು, ರಸ್ತೆ, ಮುಚ್ಚಿದ ಮೋರಿ ನೀರು ತಡೆದಿದ್ದರೆ ಅದನ್ನು ಬಿಡಿಸಿ. ಹತ್ತಿರ ತಾಯಿಮರ ಇದ್ದರೆ ಬೀಜವನ್ನು ಉಬ್ಬರದ ನೀರೇ ತಂದು ಹಾಕುತ್ತದೆ.

ಚಿಪ್ಪಿನಲ್ಲಿ ಕಾರ್ಬನ್ ಇದೆಯಂತೆ. ಹಾಗಾದರೆ ಚಿಪ್ಪಿಕಲ್ಲು ಬೆಳೆಸಿದರೆ ಕಾರ್ಬನ್ ಹಿಡಿದ ಹಾಗಾಯಿತಲ್ಲ?

ಚುರುಕಾದ ಹುಡುಗಿಯೊಬ್ಬಳು ಕೇಳಿದ್ದು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ ಕಾರ್ಬನ್ ಇರುವುದು ನಿಜ. ಆದರೆ ಚಿಪ್ಪು ಕಟ್ಟುವಾಗ ಜೀವಿ ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನ ಎರಡು ಪಾಲು ತೆಗೆದುಕೊಂಡು, ಒಂದನ್ನು ಚಿಪ್ಪಿಗೆ ಹಾಕಿ, ಇನ್ನೊಂದನ್ನು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿಗೇ ಬಿಡುತ್ತದೆ. ಹಾಗಾಗಿ ಚಿಪ್ಪು ಕಟ್ಟುವುದರಿಂದ ಗಾಳಿಯ ಕಾರ್ಬನ್ ಕಮ್ಮಿಯಾಗುವುದಿಲ್ಲ. ಆ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿದರೆ ಉಳಿದ ಪಾಲೂ ಹೊರಬರುತ್ತದೆ.

ಹಾಗಂತ ಚಿಪ್ಪಿಕಲ್ಲು ಬೇಡವೇ? ಖಂಡಿತ ಬೇಕು. ಅದು ನೀರು ಸೋಸುತ್ತದೆ, ಎಷ್ಟೋ ಮನೆಗಳ ಊಟ ನಡೆಸುತ್ತದೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರಿಗೆ 2024ರಲ್ಲಿ ರಾಮ್ಸರ್ ಮಾನ್ಯತೆ (ಜಗತ್ತಿನ ಮಟ್ಟದ ಮುಖ್ಯ ಜವುಗು ಪ್ರದೇಶ ಎಂಬ ಗುರುತು) ಸಿಕ್ಕಾಗ ಮೀನು, ಏಡಿ, ಚಿಪ್ಪಿಕಲ್ಲು, ಗಜನಿ, ಉಪ್ಪು ನಂಬಿದ 6,000ದಿಂದ 7,500 ಕುಟುಂಬಗಳ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಒಂದು ಜೀವಿಯ ಬೆಲೆಯನ್ನೆಲ್ಲ ಕಾರ್ಬನ್ನಿನಲ್ಲೇ ಅಳೆಯಬೇಕಿಲ್ಲ.

ಸಮುದ್ರ ಇಷ್ಟು ಹೀರಿದರೆ ಅದಕ್ಕೇನೂ ಆಗುವುದಿಲ್ಲವಾ?

ಆಗುತ್ತಿದೆ. ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಕಾರ್ಬಾನಿಕ್ ಆಮ್ಲವಾಗುತ್ತದೆ. ಕಾರ್ಖಾನೆಗಳ ಯುಗ ಶುರುವಾದಾಗಿನಿಂದ ಮೇಲ್ಮೈ ನೀರಿನ ಪಿಎಚ್ (ಈ ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಸಣ್ಣದು, ಆದರೆ ಆಮ್ಲೀಯತೆಯ ಲೆಕ್ಕದಲ್ಲಿ ಇದು ಸುಮಾರು ಶೇ 30ರಷ್ಟು ಏರಿಕೆ. ಹವಳಕ್ಕೆ, ಚಿಪ್ಪಿನ ಜೀವಿಗಳ ಮರಿಗಳಿಗೆ ಇದರಿಂದ ಚಿಪ್ಪು ಕಟ್ಟುವುದು ಕಷ್ಟವಾಗುತ್ತದೆ.

## ಆಳದ ಪ್ರಶ್ನೆಗಳು

ನಮ್ಮ ಅರಬ್ಬೀ ಸಮುದ್ರ ಎಷ್ಟು ಕಾರ್ಬನ್ ಹೀರುತ್ತದೆ?

ಉತ್ತರ ಕೇಳಿ ತುಂಬ ಜನಕ್ಕೆ ಆಶ್ಚರ್ಯ. ಒಟ್ಟು ಲೆಕ್ಕ ತೆಗೆದರೆ ಅರಬ್ಬೀ ಸಮುದ್ರ ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಮುದ್ರ. ಮುಂಗಾರಿನ ಗಾಳಿ ಸೊಮಾಲಿಯಾ, ಒಮಾನ್ ತೀರಗಳಲ್ಲಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ. ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ. ನಮ್ಮ ತೀರದಲ್ಲೂ ಸ್ವಲ್ಪ ಮಟ್ಟಿಗೆ ಹೀಗಾಗುತ್ತದೆ. ಆ ನೀರಿನಲ್ಲಿ ಎಷ್ಟೋ ಕಾಲದಿಂದ ಕೊಳೆತು ಸೇರಿದ ಕಾರ್ಬನ್ ಇರುತ್ತದೆ, ಮೇಲೆ ಬಂದಾಗ ಅದು ಗಾಳಿಗೆ ಹಾರುತ್ತದೆ. ಅದೇ ನೀರಿನ ಪೋಷಕಾಂಶ ತಿಂದು ಪ್ಲಾಂಕ್ಟನ್ ಎಂಬ ತೇಲುವ ಸಣ್ಣ ಜೀವಿಗಳ ರಾಶಿ ಬೆಳೆಯುತ್ತದೆ, ಅದನ್ನು ತಿಂದು ಬಂಗುಡೆ, ತಾರ್ಲೆ. ಇದು ಹಾನಿ ಅಲ್ಲ, ಈ ಸಮುದ್ರದ ಸಹಜ ಗುಣ. ತಂಪು ಕಡಲುಗಳು, ಮುಖ್ಯವಾಗಿ ದಕ್ಷಿಣ ಧ್ರುವದ ಸುತ್ತಿನ ಸಾಗರ, ದೊಡ್ಡ ಪಾಲು ಹೀರುತ್ತವೆ.

ಕಡಲಿಗೆ ಕಬ್ಬಿಣ ಸುರಿದರೆ ಪ್ಲಾಂಕ್ಟನ್ ಬೆಳೆದು ಕಾರ್ಬನ್ ಮುಳುಗುತ್ತದಂತೆ. ಯಾಕೆ ಮಾಡುತ್ತಿಲ್ಲ?

ಭಾರತವೇ ಮಾಡಿ ನೋಡಿದೆ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ 'ಪೋಲಾರ್‌ಸ್ಟೆರ್ನ್' ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೋದವು. ಪ್ರಯೋಗದ ಹೆಸರು ಲೋಹಾಫೆಕ್ಸ್. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಸಲ್ಫೇಟ್ ಕರಗಿಸಿ ಬಿಟ್ಟರು. ಪ್ಲಾಂಕ್ಟನ್ ಬೆಳೆಯಿತು. ಆದರೆ ಗಾಜಿನಂಥ ಗಟ್ಟಿ ಚಿಪ್ಪಿನ, ಭಾರಕ್ಕೆ ಮುಳುಗುವ ಡಯಾಟಮ್‌ಗಳು ಬೆಳೆಯಲಿಲ್ಲ. ಅವಕ್ಕೆ ಬೇಕಾದ ಸಿಲಿಕಾ ಆ ನೀರಲ್ಲಿ ಇರಲಿಲ್ಲ. ಬೆಳೆದ ಸಣ್ಣ ಜಾತಿಗಳನ್ನು ಸಿಗಡಿ ಜಾತಿಯ ಪುಟ್ಟ ಜೀವಿಗಳು ತಿಂದು ಮುಗಿಸಿದವು. ಆಳಕ್ಕೆ ಹೋದ ಕಾರ್ಬನ್ ತೀರಾ ಕಮ್ಮಿ.

ಈ ಪ್ರಯೋಗದ ಬಗ್ಗೆ ನನಗೆ ಗೌರವ ಇದೆ. ಆಗದ್ದನ್ನು ಆಗಲಿಲ್ಲ ಎಂದು ಅಳೆದು ಹೇಳಿತು.

ಕೆಸರಿನಿಂದ ಮೀಥೇನ್ ಬರುತ್ತದೆ. ಹಿಡಿದ ಲಾಭವೆಲ್ಲ ಅದರಲ್ಲೇ ಹೋಗುವುದಿಲ್ಲವಾ?

ಸ್ವಲ್ಪ ಹೋಗುತ್ತದೆ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಆದರೆ ಉಪ್ಪು ನೀರು ನಮ್ಮ ಪರವಾಗಿದೆ. ಅದರಲ್ಲಿನ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಮೀಥೇನ್ ಮಾಡುವ ಜೀವಿಗಳ ಮೇವನ್ನು ಮೊದಲೇ ಕಸಿದುಕೊಳ್ಳುತ್ತವೆ. ಹಾಗಾಗಿ ಉಪ್ಪು ಚೆನ್ನಾಗಿರುವ ಕಡೆ ಮೀಥೇನ್ ಕಮ್ಮಿ, ಸಿಹಿನೀರು ಸೇರುವ ಮೇಲ್ಭಾಗದಲ್ಲಿ ಜಾಸ್ತಿ. ಒಡ್ಡು ಕಟ್ಟಿ ಉಬ್ಬರವನ್ನು ಪೂರ್ತಿ ತಡೆದು ಒಳಗೆ ಸಿಹಿನೀರು ನಿಲ್ಲಿಸಿದರೆ ಮೀಥೇನ್ ಏರುವುದು ಇದೇ ಕಾರಣಕ್ಕೆ.

ಟ್ರಾಲ್ ಬಲೆ ತಳ ಕೆರೆಯುತ್ತದೆ. ಅದರಿಂದ ಕಾರ್ಬನ್ ಹೊರಬರುತ್ತದಾ?

ತಳದ ಹೂಳು ಕದಡುವುದು ಖಂಡಿತ. ಎಷ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ ಎಂಬುದರ ಮೇಲೆ ಜಗಳ ಇದೆ. 2021ರ ಒಂದು ಅಧ್ಯಯನ ಜಗತ್ತಿನ ವಿಮಾನಗಳ ಹೊಗೆಗೆ ಸಮನಾದ ಅಂದಾಜು ಕೊಟ್ಟಿತು. ಅದು ತೀರಾ ಜಾಸ್ತಿ ಎಂದು ಬೇರೆ ವಿಜ್ಞಾನಿಗಳು ತಕರಾರು ಎತ್ತಿದರು. ಕದಡಿದ್ದರಲ್ಲಿ ಸುಮಾರು ಪಾಲು ಮತ್ತೆ ಅಲ್ಲೇ ಕೂರುತ್ತದೆ ಎನ್ನುವುದು ಅವರ ವಾದ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನದ ಯಾಂತ್ರಿಕ ಮೀನುಗಾರಿಕೆ ರಜೆ ಇರುವುದು ಮೀನಿನ ಸಂತಾನಕ್ಕಾಗಿ. ತಳಕ್ಕೂ ಅಷ್ಟು ದಿನ ವಿಶ್ರಾಂತಿ ಸಿಗುತ್ತದೆ.

ಸರಿ, ಲೆಕ್ಕ ಹೇಳಿ. ನಮ್ಮ ರಾಜ್ಯದ ಕಾಂಡ್ಲಾದಿಂದ ಎಷ್ಟು ಪ್ರಯೋಜನ?

ಬನ್ನಿ, ಒಟ್ಟಿಗೆ ಮಾಡೋಣ. 13 ಚದರ ಕಿಲೋಮೀಟರ್ ಅಂದರೆ 1,300 ಹೆಕ್ಟೇರ್. ಕಾಂಡ್ಲಾ ಮಣ್ಣು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 2 ಟನ್ ಕಾರ್ಬನ್ ಹೂಳುತ್ತದೆ ಎಂದಿಟ್ಟುಕೊಳ್ಳಿ, ಜಗತ್ತಿನ ಸರಾಸರಿ ಅದರ ಆಸುಪಾಸಿನಲ್ಲಿದೆ. ಒಟ್ಟು 2,600 ಟನ್. ಒಂದು ಟನ್ ಕಾರ್ಬನ್ ಅಂದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ಗುಣಿಸಿದರೆ ವರ್ಷಕ್ಕೆ ಸುಮಾರು 9,500 ಟನ್. ಭಾರತದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಹೆಚ್ಚು ಕಡಿಮೆ 2 ಟನ್ ಬರುತ್ತದೆ. ಅಲ್ಲಿಗೆ ರಾಜ್ಯದ ಇಡೀ ಕಾಂಡ್ಲಾ ಐದು ಸಾವಿರ ಜನರಿರುವ ಒಂದು ಊರಿನ ಹೊಗೆಯನ್ನು ತೊಳೆಯುತ್ತದೆ, ಅಷ್ಟೇ. ಬೆಂಗಳೂರಿನ ಹೊಗೆಯನ್ನು ಕುಮಟಾದ ಕೆಸರು ನುಂಗಲಾರದು. ಹೊಗೆಯನ್ನು ಹುಟ್ಟುವ ಕಡೆಯೇ ಕಮ್ಮಿ ಮಾಡಬೇಕು.

ಈಗ ಇನ್ನೊಂದು ಲೆಕ್ಕ. ಈಗಾಗಲೇ ಹೂತಿರುವುದು ಎಷ್ಟು? ಆ 1,023 ಟನ್ ಬೇಡ, ಹೆಕ್ಟೇರಿಗೆ ಬರೀ 300 ಟನ್ ಇದೆ ಎಂದುಕೊಂಡರೂ ಒಟ್ಟು 3,90,000 ಟನ್ ಕಾರ್ಬನ್. ಕಾರ್ಬನ್ ಡೈಆಕ್ಸೈಡ್ ಆದರೆ 14 ಲಕ್ಷ ಟನ್ನಿಗೂ ಜಾಸ್ತಿ. ಹೊಸದಾಗಿ 150 ವರ್ಷ ಹಿಡಿದರೆ ಆಗುವಷ್ಟು. ಇದ್ದದ್ದನ್ನು ಕೆದಕಬೇಡಿ ಎಂದು ನಾನು ಯಾಕೆ ಅಷ್ಟು ಹಟ ಹಿಡಿಯುತ್ತೇನೆ ಅನ್ನುವುದು ಈ ಎರಡು ಅಂಕಿಗಳಲ್ಲಿದೆ.

ಕಾರ್ಬನ್ ಕ್ರೆಡಿಟ್ ಮಾರಿದರೆ ಊರಿಗೆ ದುಡ್ಡು ಬರುತ್ತದಾ?

ಹಿಡಿದಿಟ್ಟ ಕಾರ್ಬನ್ನಿನ ಲೆಕ್ಕವನ್ನು ಹೊಗೆ ಬಿಡುವವರಿಗೆ ಮಾರುವುದೇ ಕಾರ್ಬನ್ ಕ್ರೆಡಿಟ್. ಅದರಿಂದ ದುಡ್ಡು ಬಂದ ಊರುಗಳಿವೆ. ಕೆನ್ಯಾದ ಗಾಜಿ ಕೊಲ್ಲಿಯಲ್ಲಿ 'ಮಿಕೊಕೊ ಪಮೋಜಾ' ಎಂಬ ಯೋಜನೆ 2013ರಿಂದ ನಡೆಯುತ್ತಿದೆ. ಸ್ವಾಹಿಲಿಯಲ್ಲಿ 'ಒಟ್ಟಾಗಿ ಕಾಂಡ್ಲಾ' ಎಂಬ ಅರ್ಥ. ಊರಿನವರೇ 117 ಹೆಕ್ಟೇರ್ ಕಾಯುತ್ತಾರೆ, ಬಂದ ಹಣ ಕುಡಿಯುವ ನೀರಿಗೆ, ಶಾಲೆಗೆ ಹೋಗುತ್ತದೆ. ಮೊತ್ತ ದೊಡ್ಡದಲ್ಲ, ಆದರೆ ಯಾವುದಕ್ಕೆ ಖರ್ಚು ಮಾಡಬೇಕು ಎಂದು ಊರೇ ಕೂತು ತೀರ್ಮಾನಿಸುತ್ತದೆ.

ನಮ್ಮಲ್ಲಿ ಯಾರಾದರೂ ಒಪ್ಪಂದ ಹಿಡಿದು ಬಂದರೆ ಇಷ್ಟು ಕೇಳಿ. ಜಾಗ ಯಾರದ್ದು? ಎಷ್ಟು ವರ್ಷಕ್ಕೆ? ಚಿಪ್ಪಿಕಲ್ಲು ಹೆಕ್ಕಲು, ಏಡಿ ಹಿಡಿಯಲು ಅಡ್ಡಿ ಇದೆಯಾ? ಅಳೆಯುವವರು ಯಾರು? ಚಂಡಮಾರುತಕ್ಕೆ ಮರ ಬಿದ್ದರೆ ಮಾರಿದ ಕ್ರೆಡಿಟ್ಟಿನ ಹೊಣೆ ಯಾರ ತಲೆಗೆ? ಉತ್ತರ ಬರಹದಲ್ಲಿ ಬರದಿದ್ದರೆ ಸಹಿ ಹಾಕಬೇಡಿ. ಕೇಂದ್ರ ಸರ್ಕಾರದ 'ಮಿಷ್ಟಿ' ಯೋಜನೆ ಬೇರೆ. 2023ರಲ್ಲಿ ಶುರುವಾದ ಅದು ದೇಶದಲ್ಲಿ ಸುಮಾರು 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿದೆ.

ಸಮುದ್ರ ಮೇಲೇರುತ್ತಿದೆ. ಕಾಂಡ್ಲಾ ಮುಳುಗಿ ಹೋಗುವುದಿಲ್ಲವಾ?

ಹೂಳು ಸಿಗುತ್ತಿದ್ದರೆ ಕಾಂಡ್ಲಾ ತನ್ನ ನೆಲವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಬೇರು ಬೆಳೆದು, ಹೂಳು ಕೂತು ವರ್ಷಕ್ಕೆ ಕೆಲವು ಮಿಲಿಮೀಟರ್. ಆ ಹೂಳು ತರುವುದು ಹೊಳೆ. ಅಘನಾಶಿನಿಗೆ ಮೇಲೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಶಿರಸಿಯ ಗುಡ್ಡದ ಮಣ್ಣು ಅಳಿವೆ ತನಕ ಬರುತ್ತದೆ. ಅಣೆಕಟ್ಟಿನ ಹಿಂದೆ ಹೂಳು ನಿಲ್ಲುವ ಹೊಳೆಗಳಿಗೆ ಈ ಅನುಕೂಲ ಕಮ್ಮಿ.

ನೀರು ಇನ್ನೂ ಬೇಗ ಏರಿದರೆ ಕಾಂಡ್ಲಾ ಒಳನಾಡಿನ ಕಡೆ ಸರಿಯಬೇಕು. ಅದಕ್ಕೆ ಜಾಗ ಬೇಕು. ಹಿಂದೆ ಕಲ್ಲಿನ ಗೋಡೆಯೋ, ರಸ್ತೆಯೋ, ಮಣ್ಣು ತುಂಬಿದ ಸೈಟೋ ಇದ್ದರೆ ಮುಂದೆ ನೀರು, ಹಿಂದೆ ಗೋಡೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಇದ್ದರೆ ಅದರ ಸುತ್ತ 50 ಮೀಟರ್ ಬಿಡಬೇಕೆಂದಿದೆ. ನಿಮ್ಮ ಊರಿನ ಕಾಂಡ್ಲಾ ಹಿಂದೆ ಆ 50 ಮೀಟರ್ ಈಗ ಏನಾಗಿದೆ? ಒಂದು ಸಂಜೆ, ನೀರು ಇಳಿದಾಗ, ಅಳತೆ ಪಟ್ಟಿ ಹಿಡಿದು ನಡೆದು ನೋಡಿ ಬನ್ನಿ.